ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಗೆ ಹಾಸ್ಯ ಭವಿಷ್ಯ ಬರೆಯೋದು ಹೇಗೆ? 46 ಮಕ್ಕಳು, 20 ನಿಮಿಷ

ಹತ್ತನೇ_ಬಿ

ಫೆಬ್ರವರಿ ಕೊನೇ ವಾರ ಹತ್ತನೇ ತರಗತಿಯ ಬೀಳ್ಕೊಡುಗೆ. ಭಾಷಣ, ಹಾಡು, ಗ್ರೂಪ್ ಫೋಟೋ ಎಲ್ಲಾ ಇದೆ. ಮಧ್ಯದಲ್ಲಿ ಇಪ್ಪತ್ತು ನಿಮಿಷ "ಮುಂದೆ ಯಾರು ಏನಾಗಿರ್ತಾರೆ" ಅಂತ ತಮಾಷೆಯ ಭವಿಷ್ಯ ಓದಬೇಕು. ಒಟ್ಟು 46 ಮಕ್ಕಳು. ಒಬ್ಬರ ಹೆಸರೂ ಬಿಟ್ಟುಹೋಗಬಾರದು, ಯಾರೂ ಮುಖ ಸಣ್ಣದು ಮಾಡ್ಕೊಂಡು ಮನೆಗೆ ಹೋಗಬಾರದು. ಫಿಶ್‌ಪಾಂಡ್ ಡಬ್ಬ, ಅಂದ್ರೆ ಹೆಸರು ಹಾಕದೆ ಒಬ್ಬರ ಮೇಲೊಬ್ಬರು ತಮಾಷೆ ಚೀಟಿ ಬರೆದು ಹಾಕೋ ಡಬ್ಬ, ಇಡೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಬರೆಸಿ, ಓದಿಸಿ ಗೊತ್ತಿರೋರು ಮೊದಲಿಂದ ಹೇಳಿಕೊಡಿ.

ಚೀಟಿಪೆಟ್ಟಿಗೆ

ಡಬ್ಬ ಇಡಿ, ಆದರೆ ಡಬ್ಬದಿಂದ ನೇರವಾಗಿ ಮೈಕಿಗೆ ಚೀಟಿ ಹೋಗಬಾರದು. ಫಿಶ್‌ಪಾಂಡ್ ಕೆಡುವುದೇ ಅಲ್ಲಿ. ಬರೆದವರ ಹೆಸರಿಲ್ಲ, ಓದುವವರು ಮೊದಲು ನೋಡಿಲ್ಲ, ಮೈಕಿನ ಮುಂದೆ ಬಿಡಿಸಿದ ಮೇಲೆ ನಿಲ್ಲಿಸುವುದಕ್ಕೂ ಆಗುವುದಿಲ್ಲ. ಜೊತೆಗೆ ತರಗತಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಏಳೆಂಟು ಮಕ್ಕಳಿಗೆ ತಲಾ ಹತ್ತು ಚೀಟಿ ಬಂದಿರುತ್ತದೆ, ಹದಿನೈದು ಮಕ್ಕಳಿಗೆ ಒಂದೂ ಇರುವುದಿಲ್ಲ. ಡಬ್ಬವನ್ನು ಕಚ್ಚಾ ಸಾಮಗ್ರಿ ಕೂಡಿಸುವುದಕ್ಕೆ ಮಾತ್ರ ಬಳಸಿ.

ಮೂರು ವಾರ ಮುಂಚೆ ಶುರು ಮಾಡಿ. ಎ4 ಹಾಳೆಯನ್ನು ಮೂರು ಸಲ ಮಡಚಿ ಹರಿದರೆ ಎಂಟು ಚೀಟಿ. ಆರು ಹಾಳೆಗೆ 48 ಆಗುತ್ತದೆ, ನಿಮ್ಮ 46ಕ್ಕೆ ಸಾಕು. ಪ್ರತಿ ಮಗುವಿಗೂ ಒಂದು ಚೀಟಿ, ಅದರಲ್ಲಿ ನಾಲ್ಕು ಪ್ರಶ್ನೆ:

1. ಬೆಲ್ ಹೊಡೆದ ಕೂಡಲೇ ನೀನು ಮಾಡುವ ಮೊದಲ ಕೆಲಸ ಏನು?
2. ಬೇರೆಯವರು ನಿನ್ನ ಹತ್ತಿರ ಏನು ಕೇಳಿಕೊಂಡು ಬರುತ್ತಾರೆ?
3. ದಿನಕ್ಕೆ ಹತ್ತು ಸಲ ನಿನ್ನ ಬಾಯಲ್ಲಿ ಬರುವ ಮಾತು ಯಾವುದು?
4. ನಿನ್ನ ಬಗ್ಗೆ ಯಾವ ವಿಷಯ ಓದಬಾರದು?

ನಾಲ್ಕನೆಯದು ಬಹಳ ಮುಖ್ಯ. ಅದಕ್ಕೆ ಬರೆದ ಉತ್ತರವನ್ನು ತರಗತಿ ಶಿಕ್ಷಕರಲ್ಲದೆ ಬೇರೆ ಯಾರೂ ನೋಡಕೂಡದು. ಅಡ್ಡಹೆಸರು ಕಿವಿಗೆ ಬಿದ್ದರೆ ಸಾಕು, ಕಣ್ಣಲ್ಲಿ ನೀರು ಬರುವ ಮಕ್ಕಳಿರುತ್ತಾರೆ. ಅವರು ಮೂರು ವರ್ಷ ನಕ್ಕು ತೇಲಿಸಿರುತ್ತಾರೆ, ಈ ಚೀಟಿಯಲ್ಲಿ ಮಾತ್ರ ಬರೆಯುತ್ತಾರೆ.

ಪೇಡೆನಗರ

ಚೀಟಿಪೆಟ್ಟಿಗೆಯವ್ರು ಹೇಳಿದ್ದಕ್ಕ ಒಂದ್ ಮಾತು ಕೂಡಿಸ್ತೀನ್ರಿ. ಎರಡನೇ ಪ್ರಶ್ನೆಗೆ ಬಂದ ಉತ್ತರಾನ ಬಂಗಾರ. "ರಬ್ಬರ್ ಕೇಳ್ಕೊಂಡ್ ಬರ್ತಾರ", "ಗಣಿತ ಹೇಳ್ಕೊಡು ಅಂತಾರ", "ಉಪ್ಪಿನಕಾಯಿ ಕೇಳ್ತಾರ". ಅದರಾಗ ಆ ಹುಡುಗನ ಬೆಲೆ ಏನಂತ ಗೊತ್ತಾಗ್ತದ. ಭವಿಷ್ಯ ಅಲ್ಲಿಂದ ಬೆಳಸ್ರಿ. ಮೈಬಣ್ಣ, ಎತ್ತರ, ದಪ್ಪ, ತೊದಲು, ಕನ್ನಡಕ ಇವಂತೂ ಮುಟ್ಟಾಕ ಹೋಗಬ್ಯಾಡ್ರಿ. ಅವು ಅವರು ಮಾಡಿದ್ದಲ್ಲ. ಮಾಡಿದ್ದರ ಮ್ಯಾಲ ನಗಬೇಕು, ಇದ್ದದ್ದರ ಮ್ಯಾಲ ಅಲ್ಲ.

ಇನ್ನೊಂದು. "ಇವ ಕುರಿ ಕಾಯ್ತಾನ, ಇವ ಚಹಾ ಮಾರ್ತಾನ, ಇವ ಕಸ ಹೊಡೀತಾನ" ಅಂತ ನಗಸಾಕ ಬರೀತಾರ. ಆ ಕೆಲಸ ಮಾಡೋ ಅಪ್ಪ ಅವ್ವ ಅದೇ ಜಮಖಾನದ ಮ್ಯಾಲ ಕುಂತಿರ್ತಾರ್ರೀ. ಅವರ ಮಗ ಆಗ ಯಾವ ಕಡೆ ನೋಡಬೇಕು?

ಒಡ್ಡೋಲಗ

ರೂಪ ಯಾವುದು ಅಂತ ಮೊದಲು ತೀರ್ಮಾನ ಮಾಡಿ ಮಾರಾಯ್ರೆ. ಬರೀ ಪಟ್ಟಿ ಓದಿದರೆ ಎಂಟನೇ ಹೆಸರಿಗೇ ಜನ ಆಕಳಿಸುತ್ತಾರೆ. ನಮ್ಮಲ್ಲಿ ಭವಿಷ್ಯ ಹೇಳುವ ರೀತಿ ಎಷ್ಟೊಂದು ಉಂಟು. ಯುಗಾದಿಯ ಪಂಚಾಂಗ ಶ್ರವಣ ಎಲ್ಲರ ಕಿವಿಯಲ್ಲೂ ಇರುವುದರಿಂದ ಅದು ಶಾಲೆಗೆ ಚೆನ್ನಾಗಿ ಒಗ್ಗುತ್ತದೆ. ಈ ಸಾಲಿನ ಮಕ್ಕಳಿಗೆ 2047ನೇ ಇಸವಿ ಇಟ್ಟುಕೊಳ್ಳಿ. ಆ ಯುಗಾದಿಗೆ ಪ್ರಭವ ಸಂವತ್ಸರ, ಅರವತ್ತರ ಚಕ್ರದಲ್ಲಿ ಮೊದಲನೆಯದು. ಹಿಂದೆ ಅದು ಬಂದದ್ದು 1987ರಲ್ಲಿ. ಸ್ವಾತಂತ್ರ್ಯಕ್ಕೂ ಆಗ ನೂರು ತುಂಬುತ್ತದೆ, ಮಕ್ಕಳಿಗೆ ಮೂವತ್ತೇಳರ ಆಸುಪಾಸು. "ಪ್ರಭವ ನಾಮ ಸಂವತ್ಸರದ ಹತ್ತನೇ ಬಿ ವಿಭಾಗದ ಫಲ" ಅಂತ ಶುರು ಮಾಡಿದರೆ ಸಭೆ ಅಲ್ಲಿಗೇ ನಗಲಿಕ್ಕೆ ತಯಾರಾಗುತ್ತದೆ.

ಮೊದಲಿಗೆ ನವನಾಯಕರು, ಅಂದರೆ ಪಂಚಾಂಗದಲ್ಲಿ ಆ ವರ್ಷವನ್ನು ಆಳುವ ಒಂಬತ್ತು ಅಧಿಪತಿಗಳು. ರಾಜ ತರಗತಿಯ ನಾಯಕಿ. ಸೇನಾಧಿಪತಿ ಕಬಡ್ಡಿ ತಂಡದವನು. ಸಸ್ಯಾಧಿಪತಿ ಶಾಲೆಯ ಕೈತೋಟಕ್ಕೆ ನೀರು ಹಾಕುವವಳು. ಧಾನ್ಯಾಧಿಪತಿ ಬಿಸಿಯೂಟಕ್ಕೆ ಎರಡನೇ ಸಲ ತಟ್ಟೆ ಹಿಡಿಯುವವನು. ಅರ್ಘಾಧಿಪತಿ ಅಂದರೆ ಬೆಲೆಗಳ ಒಡೆಯ, ಪುಸ್ತಕದ ಅಂಗಡಿಯಲ್ಲಿ ಯಾವುದಕ್ಕೆ ಎಷ್ಟು ಅಂತ ಬಾಯಿಪಾಠ ಇರುವವನಿಗೆ ಕೊಡಿ. ಮೇಘಾಧಿಪತಿ ಯಾರು ಅಂದರೆ, ಮೋಡ ಕಂಡ ಕೂಡಲೇ "ನಾಳೆ ರಜೆಯಾ?" ಅಂತ ಕೇಳುವವಳು, ಕರಾವಳಿಯ ಶಾಲೆಯಾದರೆ ಇದಕ್ಕೆ ಹತ್ತು ಜನ ಸಿಗುತ್ತಾರೆ.

ಒಂದು ಎಚ್ಚರಿಕೆ. ನೀರಸಾಧಿಪತಿಯನ್ನು ಯಾವ ಮಗುವಿಗೂ ಕೊಡಬೇಡಿ. ಪಂಚಾಂಗದಲ್ಲಿ ಅದಕ್ಕೆ ಲೋಹ, ಒಣ ಪದಾರ್ಥಗಳ ಸಂಬಂಧ, ಆದರೆ ಸಭೆಗೆ ಕೇಳುವುದು "ನೀರಸ" ಎಂಬ ಪದ ಮಾತ್ರ. ಅದು ವರ್ಷವಿಡೀ ಆ ಮಗುವಿಗೆ ಅಂಟಿಕೊಳ್ಳುತ್ತದೆ. ಆ ಸ್ಥಾನ ಕಂಪಾಸ್ ಬಾಕ್ಸಿಗೆ ಕೊಟ್ಟುಬಿಡಿ, ಅದೂ ಲೋಹವೇ.

ಆಮೇಲೆ ಪಂಚಾಂಗದಲ್ಲಿ ಒಂದೊಂದು ರಾಶಿಗೆ ಹೇಳುವ ಹಾಗೆ ಆದಾಯ, ವ್ಯಯ. "ಪೆನ್ನು ಆದಾಯ 14, ವ್ಯಯ 2" ಅಂದರೆ ಯಾರ ಬಗ್ಗೆ ಅಂತ ಹೆಸರು ಹೇಳುವ ಮೊದಲೇ ತರಗತಿ ಕೂಗುತ್ತದೆ.

ಹತ್ತನೇ_ಬಿ

ಪಂಚಾಂಗ ಬಹಳ ಹಿಡಿಸಿತು. ಒಬ್ಬ ಹುಡುಗ "ಮೈಲಾರದ ಕಾರ್ಣಿಕದ ಥರ ಒಂದೊಂದೇ ಸಾಲು ಕೂಗೋಣ" ಅಂತಿದ್ದಾನೆ, ಜಾತ್ರೆಯಲ್ಲಿ ಹೇಳ್ತಾರಲ್ಲ ಆ ಭವಿಷ್ಯವಾಣಿ. ಕಂಬಳಿ ಹೊದ್ದು ಬರ್ತಾನಂತೆ. ಇದು ಸರಿಹೋಗುತ್ತಾ?

ಪೇಡೆನಗರ

ಕಂಬಳಿ ಬ್ಯಾಡ್ರಿ. ಮೈಲಾರ ಹೂವಿನಹಡಗಲಿ ತಾಲೂಕಿನ್ಯಾಗ ಬರ್ತದ. ಭಾರತ ಹುಣ್ಣಿಮಿ ಜಾತ್ರ್ಯಾಗ ಗೊರವಯ್ಯ ಉಪವಾಸ ಇದ್ದು ಬಿಲ್ಲು ಏರಿ "ಸದ್ದಲೇ" ಅಂದ ಕೂಡ್ಲೇ ಲಕ್ಷ ಮಂದಿ ಉಸರು ಬಿಗಿ ಹಿಡೀತಾರ. ಆ ಒಂದು ಸಾಲಿನ ಮ್ಯಾಲ ಮಳಿ ಬೆಳಿ ಲೆಕ್ಕ ಹಾಕೋ ರೈತರ ಅದಾರ. ರಾಣೆಬೆನ್ನೂರ ಕಡೆ ದೇವರಗುಡ್ಡದಾಗೂ ದಸರಾಕ್ಕ ಕಾರ್ಣಿಕ ಆಗ್ತದ. ಅದರ ವೇಷ ಹಾಕಿ ನಗಸಬಾರದು, ಬುಡಬುಡಿಕೆಯವ್ರದೂ ಹಾಕಬಾರದು.

ಆದ್ರ ಕಾರ್ಣಿಕದ ಒಂದು ಗುಣ ಕಲೀಬಹುದು. ಭಾಳ ಸಣ್ಣ ಸಾಲು, ಅದರಾಗ ಕಣ್ಣಿಗೆ ಕಾಣೋ ಒಂದು ಚಿತ್ರ, ಅರ್ಥ ಕೇಳೋರಿಗೆ ಬಿಟ್ಟಿದ್ದು. "ಇವನು ಜೀವನದಲ್ಲಿ ಯಶಸ್ವಿಯಾಗುತ್ತಾನೆ" ಅನ್ನೋದರಾಗ ಚಿತ್ರ ಇಲ್ಲ. "ಇವನ ಮನೀ ಮುಂದ ಹನ್ನೊಂದು ಸೈಕಲ್, ಒಂದಕ್ಕೂ ಚೈನಿಲ್ಲ" ಅಂದ್ರ ಚಿತ್ರ ಅದ.

ಚೀಟಿಪೆಟ್ಟಿಗೆ

ಸಾಲು ಕಟ್ಟುವ ಕ್ರಮ ಹೇಳುತ್ತೇನೆ. ಇಡೀ ತರಗತಿ ಕಂಡ ಒಂದು ಅಭ್ಯಾಸ ಹಿಡಿಯಿರಿ. ಅದನ್ನು ಇಪ್ಪತ್ತೊಂದು ವರ್ಷ ಬೆಳೆಯಲು ಬಿಡಿ, ಲೋಕವೇ ಅದಕ್ಕೆ ಹೊಂದಿಕೊಳ್ಳುವಷ್ಟು ದೊಡ್ಡದಾಗಲಿ. ನಿಜವಾದ ಒಂದು ಊರು, ನಿಜವಾದ ಒಂದು ಸಂಖ್ಯೆ ಸೇರಿಸಿ, ಸುಳ್ಳು ಒಂದೇ ಇರಲಿ. ಕೊನೆಯಲ್ಲಿ ಗೆಲ್ಲುವುದು ಆ ಮಗುವೇ ಆಗಿರಬೇಕು. ಉಳಿದದ್ದು ಸ್ವಲ್ಪ ಸಡಿಲಾದರೂ ನಡೆಯುತ್ತದೆ, ಈ ಕೊನೆಯದು ಸಡಿಲಾದರೆ ಸಾಲನ್ನೇ ಹರಿದುಹಾಕಿ.

ನಿಮ್ಮ ಕರಡು ಒಂದೆರಡು ಇಲ್ಲೇ ಹಾಕಿ, ತಿದ್ದೋಣ.

ಹತ್ತನೇ_ಬಿ

ಮಕ್ಕಳು ಬರೆದುಕೊಟ್ಟಿದ್ದು ಹಾಗೇ ಹಾಕ್ತಿದೀನಿ.

ಒಂದು: "ಇವನು 2047ರಲ್ಲೂ ಲೇಟಾಗೇ ಬರ್ತಾನೆ."
ಎರಡು: "ಇವಳು ಮುಂದೆ ಪೆನ್ ಕಳ್ಳಿ ಆಗ್ತಾಳೆ."
ಮೂರು: "ಇವಳು ಮೂರು ವರ್ಷದಲ್ಲಿ ಆಡಿದ್ದು ಒಂದೇ ಮಾತು, ಪ್ರೆಸೆಂಟ್ ಮಿಸ್. 2047ರಲ್ಲಿ ಎರಡನೇ ಮಾತಾಡ್ತಾಳೆ."

ಚೀಟಿಪೆಟ್ಟಿಗೆ

ಮೊದಲನೆಯದರಲ್ಲಿ ಬೆಳವಣಿಗೆ ಇಲ್ಲ. ಇವತ್ತು ಲೇಟು, ಅವತ್ತೂ ಲೇಟು, ಅಷ್ಟೇ. ಹೀಗೆ ಮಾಡಿ:

"2047. ಹುಬ್ಬಳ್ಳಿ ರೈಲು ನಿಲ್ದಾಣ. ಪ್ರಯಾಣಿಕರ ಗಮನಕ್ಕೆ: ಮುಖ್ಯ ಅಧಿಕಾರಿಗಳು ಈಗಷ್ಟೇ ಪ್ಲಾಟ್‌ಫಾರ್ಮಿನ ಆ ತುದಿಗೆ ಬಂದಿದ್ದಾರೆ. 1,507 ಮೀಟರ್ ನಡೆದು ಈ ತುದಿ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ ಎಂದು ತಿಳಿಯತಕ್ಕದ್ದು."

ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ ಅಷ್ಟು ಉದ್ದ ಇರುವುದು ನಿಜ, ಹಾಗಾಗಿ ಸುಳ್ಳಿಗೆ ಬಲ ಬಂತು. ಇಲ್ಲಿ ಹುಡುಗ ಕಾಲಕ್ಕೆ ತಪ್ಪಿಲ್ಲ, ಕಾಲವೇ ಅವನಿಗೆ ಕಾದಿದೆ.

ಎರಡನೆಯದರಲ್ಲಿ "ಕಳ್ಳಿ" ಎಂಬ ಪದ ಮೈಕಿನಲ್ಲಿ ಬರಲೇಬಾರದು. ಅಭ್ಯಾಸ ಒಳ್ಳೆಯದೇ, ಹೀಗೆ ತಿರುಗಿಸಿ:

"2047. ದಾವಣಗೆರೆಯಲ್ಲಿ 4,600 ಪೆನ್ನುಗಳ ಮ್ಯೂಸಿಯಂ. ಉದ್ಘಾಟನೆಗೆ ಬಂದ ಮುಖ್ಯಮಂತ್ರಿಗಳು ಸಹಿ ಹಾಕಲು ಪೆನ್ ಕೇಳಿದರು. ನಮ್ಮ ಗೆಳತಿ ಹೇಳಿದಳು: ಇವೆಲ್ಲ ಪ್ರದರ್ಶನಕ್ಕೆ ಸರ್, ನಿಮ್ಮದೇ ಒಂದಿದ್ದರೆ ಕೊಡಿ. 4,601."

ತಲೆಗೆ ನೂರರಂತೆ ನಿಮ್ಮ 46 ಜನರ ಲೆಕ್ಕ ಅದು. ಕೊನೆಯ ಸಂಖ್ಯೆ ಓದುವ ಮೊದಲು ಒಂದು ಉಸಿರು ನಿಲ್ಲಿಸಿ.

ಮೂರನೆಯದನ್ನು ಒಡ್ಡೋಲಗದವರು ನೋಡಲಿ. ಅದು ಕಷ್ಟದ್ದು.

ಒಡ್ಡೋಲಗ

ಹೌದು, ಮಾತಾಡದ ಮಗುವಿಗೆ ಬರೆಯುವುದೇ ಇಡೀ ಕೆಲಸದ ಪರೀಕ್ಷೆ. ಎಲ್ಲರೂ ಮಾಡುವ ತಪ್ಪು ಇದೇ: ಅದರ ಮೌನವನ್ನೇ ವಿಷಯ ಮಾಡುವುದು. ಆ ಮಗುವಿಗೆ ತಾನು ಮಾತಾಡುವುದಿಲ್ಲ ಅಂತ ಗೊತ್ತುಂಟು, ಸಭೆಯ ಎದುರು ಅದನ್ನು ಎಣಿಸಿ ತೋರಿಸಿದರೆ ಏನು ಸಿಕ್ಕಿತು? ಪಕ್ಕ ಕೂರುವವಳನ್ನು ಕರೆದು "ಅವಳು ಏನು ಚೆನ್ನಾಗಿ ಮಾಡ್ತಾಳೆ?" ಅಂತ ಕೇಳಿ. ಐದು ನಿಮಿಷ ಬಿಡಿ, ಮೊದಲ ಉತ್ತರ ತೆಗೆದುಕೊಳ್ಳಬೇಡಿ. ಎರಡನೆಯದೋ ಮೂರನೆಯದೋ ಕೆಲಸಕ್ಕೆ ಬರುತ್ತದೆ.

ಹತ್ತನೇ_ಬಿ

ಕೇಳಿದೆ. ಸಮಾಜ ವಿಜ್ಞಾನದ ಭೂಪಟ ಅವಳು ಎಲ್ಲರಿಗಿಂತ ಮುಂಚೆ ಮುಗಿಸ್ತಾಳಂತೆ. ಆಮೇಲೆ ಹಿಂದಿನ ಬೆಂಚಿನವರದ್ದೂ ಸದ್ದಿಲ್ಲದೆ ತಿದ್ದಿಕೊಡ್ತಾಳಂತೆ.

ಒಡ್ಡೋಲಗ

ಸಿಕ್ಕಿತಲ್ಲ!

"2047. ಬೆಂಗಳೂರಿಗೆ ಹೊಸ ದಾರಿ ತೋರಿಸುವ ಆ್ಯಪ್ ಬಂದಿದೆ, ಮಾಡಿದ್ದು ನಮ್ಮ ಗೆಳತಿ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಅದು ಕೂಗುವುದಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಮಾತ್ರ ಮೆಲ್ಲಗೆ ಹೇಳುತ್ತದೆ: ಇಳಿದು ನಡೆಯಿರಿ. ಒಂದೂಕಾಲು ಕೋಟಿ ಜನ ಅವಳ ಮಾತು ಕೇಳಿ ಇಳಿದು ನಡೆಯುತ್ತಿದ್ದಾರೆ."

ಕಡಿಮೆ ಮಾತು ಇಲ್ಲಿ ಅವಳ ಶಕ್ತಿ ಆಯ್ತು. ಈ ಚೀಟಿಯನ್ನು ಮೊದಲು ಓದಬೇಡಿ, ಕೊನೆಗೂ ಇಡಬೇಡಿ. ಹತ್ತರಿಂದ ಹದಿನೈದನೆಯ ಜಾಗ ಒಳ್ಳೆಯದು. ಅಷ್ಟೊತ್ತಿಗೆ ಸಭೆ ಪೂರ್ತಿ ನಗುತ್ತಿರುತ್ತದೆ, ಎಲ್ಲ ಕಣ್ಣು ಒಂದೇ ಸಲ ಅವಳ ಮೇಲೆ ಬೀಳುವುದಿಲ್ಲ.

ಹತ್ತನೇ_ಬಿ

ಜೋಡಿ ಮಾಡಿ ಬರೆದಿರೋ ಚೀಟಿಗಳು ಏಳು ಬಂದಿವೆ. "ಇವನೂ ಇವಳೂ ಮೈಸೂರಲ್ಲಿ ಹೋಟೆಲ್ ಇಡ್ತಾರೆ" ಅನ್ನೋ ಥರ. ಇಬ್ಬರೂ ನಗ್ತಾರೆ, ತೊಂದರೆ ಇಲ್ಲ ಅಂತಾರೆ ಮಕ್ಕಳು.

ಚೀಟಿಪೆಟ್ಟಿಗೆ

ಏಳನ್ನೂ ತೆಗೆಯಿರಿ. ಅಲ್ಲಿ ನಗುವುದು ಬೇರೆ, ಸಂಜೆ ಮನೆಗೆ ಸುದ್ದಿ ಮುಟ್ಟುವುದು ಬೇರೆ. ಊರಿಗೆ ಹೋಗುವಾಗ ಆ ಸಾಲಿನ "ಹೋಟೆಲ್" ಉದುರಿ ಎರಡು ಹೆಸರು ಮಾತ್ರ ಉಳಿಯುತ್ತವೆ. ಹುಡುಗನಿಗೆ ಬೈಗುಳದಲ್ಲಿ ಮುಗಿಯುತ್ತದೆ, ಹುಡುಗಿಗೆ "ಸಾಕು, ಕಾಲೇಜು ಬೇಡ" ಎಂಬಲ್ಲಿಗೆ ಹೋಗಿ ನಿಲ್ಲುವ ಮನೆಗಳಿವೆ. ಇದರಲ್ಲಿ ರಾಜಿಯೇ ಬೇಡ. ಮದುವೆ, ಮಕ್ಕಳು, ಅತ್ತೆ ಮನೆ ಯಾವುದೂ ಭವಿಷ್ಯದ ಪಟ್ಟಿಯಲ್ಲಿ ಇರಬಾರದು.

ಪರೀಕ್ಷೆಯನ್ನೂ ಬಿಡಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದ್ದರೂ, ಬೀಳ್ಕೊಡುಗೆ ನಡೆಯುವುದು ಮೊದಲನೆಯದಕ್ಕೆ ಕೆಲವೇ ವಾರ ಇರುವಾಗ. "ಕಟ್ಟಿ ಕಟ್ಟಿ ಪಾಸಾಗ್ತಾನೆ" ಎಂಬ ಸಾಲು ಆ ರಾತ್ರಿ ಓದಲು ಕೂತವನ ತಲೆಯಲ್ಲಿ ಕೂತಿರುತ್ತದೆ. ಮೊದಲ ಸ್ಥಾನದ ಹುಡುಗಿಗೂ "625ಕ್ಕೆ 625", "ಐಎಎಸ್" ಎಂದು ಬರೆಯಬೇಡಿ. ಮನೆಯಲ್ಲಿ, ಬೀದಿಯಲ್ಲಿ ಅವಳು ಕೇಳುವುದು ಅದೊಂದನ್ನೇ. ಶಾಲೆಯ ನಾಯಿಗೆ ದಿನಾ ಬಿಸ್ಕತ್ತು ಹಾಕುತ್ತಾಳೋ, ಖೋ ಖೋದಲ್ಲಿ ಕಂಬ ಬಿಟ್ಟು ಓಡುತ್ತಾಳೋ ನೋಡಿ. ಅಂಕ ಬಿಟ್ಟು ಬೇರೆಯದನ್ನು ಗಮನಿಸಿದ್ದಾರೆ ಎಂದು ಗೊತ್ತಾದಾಗ ಆ ಮಗುವಿನ ಮುಖ ಅರಳುವುದೇ ಬೇರೆ.

ಇನ್ನು ಪುನರಾವರ್ತನೆ. 46 ಸಾಲಿನಲ್ಲಿ ರಾಜಕಾರಣಿ, ಸಿನಿಮಾ ಹೀರೋ, ಯೂಟ್ಯೂಬರ್ ಮೂವರೇ ಮೂವತ್ತು ಸಲ ಬರುತ್ತಾರೆ. ಹಾಳೆಯ ಅಂಚಿನಲ್ಲಿ ಉದ್ಯೋಗ ಬರೆದು ಗೆರೆ ಹಾಕುತ್ತಾ ಹೋಗಿ. ಒಂದೇ ಉದ್ಯೋಗ ಎರಡಕ್ಕಿಂತ ಹೆಚ್ಚು ಸಲ ಬಂದರೆ ಮೂರನೆಯದನ್ನು ಬದಲಿಸಿ.

ಮೈಕ್‌ಸೆಟ್

ಸಮಯದ ಲೆಕ್ಕ ನಾನು ಹೇಳ್ತೀನಿ. ಒಂದು ಚೀಟಿಗೆ 25 ಪದ ಮಿತಿ ಇಡಿ. ನಿಧಾನವಾಗಿ ಓದಿದರೆ 15 ಸೆಕೆಂಡ್, ನಗುಗೆ 7 ಸೆಕೆಂಡ್. 46 ಮಕ್ಕಳಿಗೆ 1,012 ಸೆಕೆಂಡ್, ಅಂದರೆ ಹತ್ತಿರ ಹತ್ತಿರ ಹದಿನೇಳು ನಿಮಿಷ. ಪ್ರತಿಯೊಬ್ಬರೂ ವೇದಿಕೆಗೆ ಬಂದು ಚೀಟಿ ತಗೊಂಡು ಹೋಗಲಿ ಅಂದ್ರೆ ತಲೆಗೆ 40 ಸೆಕೆಂಡ್, ಅರ್ಧ ಗಂಟೆ ದಾಟುತ್ತೆ. ಕೂತಲ್ಲೇ ಎದ್ದು ನಿಲ್ಲಲಿ, ಚೀಟಿ ಆಮೇಲೆ ಕೊಡಿ. ಮೇಲಿನ ಪೆನ್ನು, ರೈಲಿನ ಸಾಲುಗಳು 25ರ ಹತ್ತಿರ ಇವೆ, ಪರವಾಗಿಲ್ಲ. ಅಂಥವು ಹತ್ತು ಸಾಕು, ಉಳಿದವು 15 ಪದದಲ್ಲಿ ಮುಗೀಲಿ. ಎಲ್ಲಾ ಉದ್ದ ಆದ್ರೆ ಕಿವಿ ಸೋಲುತ್ತೆ.

ಶಾಲೆ ಮೈಕಿನ ತೊಂದರೆ ಒಂದೇ, ಕುಂಯ್ ಅಂತ ಕೂಗೋದು. ಸ್ಪೀಕರಿನ ಸದ್ದು ತಿರುಗಿ ಮೈಕಿಗೆ ಬಿದ್ರೆ ಹಾಗಾಗುತ್ತೆ. ಸ್ಪೀಕರ್ ಪೆಟ್ಟಿಗೆ ಓದುವವರಿಗಿಂತ ಮುಂದೆ ಇರಲಿ, ಮುಖ ಸಭೆ ಕಡೆ. ಮೈಕ್ ಬಾಯಿಗೆ ನಾಲ್ಕು ಬೆರಳು ದೂರ, ತಲೆಯನ್ನು ಕೈಯಲ್ಲಿ ಮುಚ್ಚಿ ಹಿಡೀಬಾರದು. ಶೀಟ್ ಹಾಕಿದ ಹಾಲ್ ಆದ್ರೆ ಸದ್ದು ಗುಂಯ್‌ಗುಡುತ್ತೆ, ವಾಲ್ಯೂಮ್ ಏರಿಸಿದಷ್ಟೂ ಪದ ಕಲಸಿಹೋಗುತ್ತೆ. ಇಳಿಸಿ, ನಿಧಾನ ಓದಿ.

ನಗು ಪೂರ್ತಿ ನಿಲ್ಲೋವರೆಗೂ ಕಾಯಬೇಡಿ, ಅರ್ಧಕ್ಕೆ ಇಳಿದಾಗ ಮುಂದಿನ ಹೆಸರು ಹೇಳಿ. ಓದುವವರು ತಾವೇ ಮೊದಲು ನಕ್ಕರೆ ಕೊನೇ ಪದ ಯಾರಿಗೂ ಕೇಳಲ್ಲ. ಇಬ್ಬರು ಸರದಿಯಲ್ಲಿ ಓದಿದ್ರೆ ಒಬ್ಬರಿಗೆ ಉಸಿರಾಡೋಕೆ ಸಮಯ ಸಿಗುತ್ತೆ. ಹಾಜರಿ ಪುಸ್ತಕದ ಕ್ರಮ ಬೇಡ, ತನ್ನ ಸರದಿ ಗೊತ್ತಾದ ಮಗು ಅಲ್ಲಿವರೆಗೆ ಬೇರೆ ಯಾರದ್ದೂ ಕೇಳಿಸಿಕೊಳ್ಳಲ್ಲ. ಗಟ್ಟಿ ಸಾಲುಗಳನ್ನ ಮೊದಲೆರಡು, ನಡುವೆ 23ರ ಸುತ್ತ, ಕೊನೇ ಮೂರು ಹೀಗೆ ಹಂಚಿ.

ಮೊಬೈಲ್ ರೆಕಾರ್ಡಿಂಗ್ ಬೇಡ ಅಂತ ಮೊದಲೇ ಹೇಳಿ. ಹನ್ನೆರಡು ಸೆಕೆಂಡ್ ಕತ್ತರಿಸಿ ಸ್ಟೇಟಸ್‌ಗೆ ಹಾಕಿದ್ರೆ ಹಿಂದು ಮುಂದು ಏನೂ ಇರಲ್ಲ.

ಹಡ್ಸನ್‌ದಂಡೆ

ಅಮೆರಿಕದ ಹೈಸ್ಕೂಲುಗಳಲ್ಲಿ ಹನ್ನೆರಡನೇ ತರಗತಿ ಮುಗಿಸುವವರಿಗೆ ಇಂಥದ್ದೇ ಹಳೆಯ ಪದ್ಧತಿ ಇದೆ, ಕ್ಲಾಸ್ ಪ್ರಾಫೆಸಿ ಎನ್ನುತ್ತಾರೆ. ಅದರ ಜೊತೆಗೇ ಓದುವ ಕ್ಲಾಸ್ ವಿಲ್ ನಿಮಗೆ ಉಪಯೋಗಕ್ಕೆ ಬರಬಹುದು. ಹೋಗುವವರು ಕಿರಿಯರಿಗೆ ಬಿಟ್ಟುಹೋಗುವ ಉಯಿಲು ಅದು. ಒಂಬತ್ತನೆಯವರೂ ಸಭೆಯಲ್ಲಿದ್ದರೆ ಭವಿಷ್ಯದ ನಡುವೆ ಐದಾರು ಸಾಲು ಹಾಕಿ: "ಮೂರನೇ ಬೆಂಚಿನ ಅಲ್ಲಾಡುವ ಕಾಲನ್ನು, ಅದರಡಿ ಇಡುವ ಮಡಚಿದ ಕಾಗದದ ಸಮೇತ, ಒಂಬತ್ತನೇ ಬಿ ವಿಭಾಗಕ್ಕೆ ಬಿಟ್ಟಿದ್ದೇವೆ." ಇದರಲ್ಲಿ ಯಾರ ಹೆಸರೂ ಬೇಕಿಲ್ಲ, ಹಾಗಾಗಿ ಕಿವಿಗೆ ವಿಶ್ರಾಂತಿ ಸಿಗುತ್ತದೆ.

ಹಳೇದಫ್ತರು

ಓದಿದ ಮೇಲೆ ಆ 46 ಚೀಟಿ ಏನು ಮಾಡುತ್ತೀರಿ? ಈಗ ಊರೂರಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ಗುರುವಂದನೆ ಮಾಡುತ್ತಾರೆ. 2047ರಲ್ಲಿ ನಿಮ್ಮ ಮಕ್ಕಳೂ ಸೇರಿದಾಗ ಈ ಕಾಗದ ಕೈಗೆ ಸಿಗಬೇಕು. ದಯವಿಟ್ಟು ಉಳಿಸಿ.

ಬಿಲ್ಲು ಮುದ್ರಿಸುವ ಶಾಖದ ಕಾಗದದಲ್ಲಿ ಬೇಡ, ಕೆಲವೇ ವರ್ಷಕ್ಕೆ ಅಕ್ಷರ ಮಾಸುತ್ತದೆ. ನೀರಿಗೆ ಹರಡುವ ಶಾಯಿಯೂ ಬೇಡ. ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್ ಒಳ್ಳೆಯದು. ಆದರೆ ಅದನ್ನು ಮೆತ್ತನೆಯ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಅಕ್ಷರ ಕವರಿಗೆ ಅಂಟಿ ಎದ್ದುಬರುತ್ತದೆ. ಕಾಗದದ ಲಕೋಟೆಯೇ ಸಾಕು. ಪೆನ್ಸಿಲ್‌ನಲ್ಲಿ ಬರೆದದ್ದು ಮಾಸುವುದಿಲ್ಲ, ಮಕ್ಕಳ ಕೈಬರಹದ ಮೂಲ ಚೀಟಿಗೆ ಅದು ಚೆನ್ನ. ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದ ತಿನ್ನುತ್ತದೆ, ಸೆಲೋಟೇಪಿನ ಅಂಟು ಹಳದಿಯಾಗಿ ಕಲೆ ಕೂರುತ್ತದೆ. ಹತ್ತಿ ದಾರದಲ್ಲಿ ಕಟ್ಟಿ. ಸ್ಟೀಲ್ ಕಪಾಟಿನ ಮೇಲಿನ ಅರೆಯಲ್ಲಿಡಿ. ಗೆದ್ದಲು ನೆಲದಿಂದ, ಗೋಡೆಯಿಂದ ಬರುವುದು. ಮುಖ್ಯ ಶಿಕ್ಷಕರು ವರ್ಗವಾಗುತ್ತಲೇ ಇರುತ್ತಾರೆ, ಆದ್ದರಿಂದ ಲಕೋಟೆಯನ್ನು ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ನಮೂದಿಸಿ, ತೆರೆಯುವ ವರ್ಷವನ್ನು ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಇನ್ನೆರಡು ಪ್ರತಿ ಇಬ್ಬರು ಮಕ್ಕಳ ಮನೆಯಲ್ಲಿರಲಿ. ವಾಟ್ಸಾಪ್ ಗುಂಪನ್ನು ನಂಬಬೇಡಿ, ಫೋನು ಬದಲಾಗುತ್ತಾ ಹೋಗುತ್ತದೆ.

ನಾಲ್ಕನೇ ಪ್ರಶ್ನೆಯ ಉತ್ತರಗಳನ್ನು ಮಾತ್ರ ಕತ್ತರಿಸಿ ಅಂದೇ ಸುಟ್ಟುಬಿಡಿ.

ಹತ್ತನೇ_ಬಿ

ಎಲ್ಲಾ ಬರ್ಕೊಂಡೆ. ಅವತ್ತು ಯಾರಾದ್ರೂ ಬರದೇ ಇದ್ರೆ?

ಚೀಟಿಪೆಟ್ಟಿಗೆ

ಓದಿ. ಪಕ್ಕದಲ್ಲಿ ಕೂರುವವರು ಅವರ ಪರವಾಗಿ ಎದ್ದು ನಿಲ್ಲಲಿ, ಚೀಟಿ ಮನೆಗೆ ತಲುಪಿಸಲಿ. ಅರ್ಧ ವರ್ಷದಲ್ಲಿ ಬೇರೆ ಶಾಲೆಯಿಂದ ಬಂದು ಸೇರಿದ ಮಗುವಿಗೆ ಸಾಮಗ್ರಿ ಕಡಿಮೆ ಸಿಗುತ್ತದೆ. ಅದಕ್ಕೆ ಎಲ್ಲರಿಗಿಂತ ಮೊದಲು ಬರೆಯಲು ಕೂರಿ, ಕೊನೆಗೆ ಬಿಟ್ಟರೆ ಆತುರದ ಸಾಲು ಆಗುತ್ತದೆ.

ಹತ್ತನೇ_ಬಿ

ಮಕ್ಕಳು 47ನೇ ಚೀಟಿ ಒಂದು ಬರೆದಿದ್ದಾರೆ, ಅಕ್ಷರ ದಾಸೋಹದ ಅಡುಗೆ ಅಕ್ಕನಿಗೆ. "2047. ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಔತಣ. ನಾವು 46 ಜನ ಅತಿಥಿಗಳು. ಸಾರು ಬಡಿಸ್ತಿರೋದು ನಮ್ಮ ಅಕ್ಕ. ಯಾರಿಗೂ ಸೌಟು ಅರ್ಧ ಇಲ್ಲ." ಸರಿ ಇದೆಯಾ?

ಪೇಡೆನಗರ

ಭಾಳ ಛಲೋ ಬರದಾರ್ರೀ. ಒಂದೇ ತಿದ್ದುಪಡಿ. ಇಪ್ಪತ್ತೊಂದು ವರ್ಷ ಆದ ಮ್ಯಾಲೂ ಅಕ್ಕ ನಿಂತೇ ಬಡಸೋದು ಬ್ಯಾಡ. ಅಕ್ಕ ಕುಂತಿರಲಿ, 46 ಮಂದಿ ಸಾಲಾಗಿ ನಿಂತು ಬಡಸಲಿ.

ಹತ್ತನೇ_ಬಿ

ಹಾಗೇ ಬದಲಾಯಿಸಿದೆ. ಕೊನೇ ಚೀಟಿ ಅದೇ ಇರಲಿ ಅಂತ ಮಕ್ಕಳು ಹೇಳಿದ್ರು.